ಎರಡನೆಯ ಗುಂಡಿಗೆ ಮುನ್ನ

ನಾಪೋಕ್ಲಿನ ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ನನ್ನ ಅನ್ನ.
ನಿನ್ನೆ ಬೋರ್ಡಿನ ಮೇಲೆ ಬರೆದದ್ದು:
ಒರೆಗೆ ಹಚ್ಚಲಾಗದ ಮಾತು ಸುಳ್ಳು ಕೂಡ ಅಲ್ಲ,
ಬರೀ ಸದ್ದು.
ಹಿಂದಿನ ಬೆಂಚಿನ ದೇಚಮ್ಮ ಕೇಳಿದಳು,
"ಕೋವಿಯ ಸದ್ದು, ಮೇಡಂ?"
ಎಲ್ಲ ನಕ್ಕರು. ಬೆಲ್ಲು ಹೊಡೆಯಿತು.

ಈ ಕಡೆ ಓದು ಬಾರದವರಿಗೂ ಗೊತ್ತಿರುವ ವ್ಯಾಕರಣ ಅದು:
ಗಂಡು ಹುಟ್ಟಿದರೆ ಒಂದು ಗುಂಡು,
ಯಾರಾದರೂ ತೀರಿಕೊಂಡರೆ ಎರಡು.
ಕರ್ತೃ ಬೇಡ, ಕ್ರಿಯಾಪದ ಬೇಡ.
ಗದ್ದೆಬಯಲು ದಾಟಿ ಬಂದ ಸದ್ದಿಗೆ ಜನ
ಕೈಲಿದ್ದ ಕತ್ತಿ ಅಲ್ಲೇ ಬಿಟ್ಟು ಹೊರಡುತ್ತಾರೆ.
ಅರ್ಥವೆಂದರೆ ಇನ್ನೇನು?

ನಾನು ಹುಟ್ಟಿದ ದಿನ ಅಜ್ಜ
ಕೋವಿ ಇಳಿಸಿ, ನಳಿಗೆಗೆ ಎಣ್ಣೆ ಹಚ್ಚಿ, ಒರೆಸಿ
ಮತ್ತೆ ಗೂಟಕ್ಕೆ ತೂಗುಹಾಕಿದರಂತೆ.
ಅವ್ವ ಇದನ್ನು ನಗುತ್ತಲೇ ಹೇಳುತ್ತಿದ್ದಳು.
ಹಾರದ ಗುಂಡು ಹೇಳಿದ್ದೇನು?
ನಿಜವೋ ಅಲ್ಲವೋ ಎಲ್ಲಿ ಹೋಗಿ ನೋಡಲಿ?
ಮೂವತ್ತೊಂಬತ್ತು ವರ್ಷದ ನಾನೇ ಪುರಾವೆ ಅಂದರೆ
ಮಕ್ಕಳು ಒಪ್ಪಲಿಕ್ಕಿಲ್ಲ.

ರಾತ್ರಿ ಎಂಟೂ ಕಾಲು. ಢಂ.
ಕಕ್ಕಬ್ಬೆಯ ಮೇಲುಗಡೆ, ಉತ್ತಯ್ಯನ ಮನೆ.
ಅಲ್ಲಿ ಮಗಳು ಹೆರಿಗೆಗೆ ಬಂದಿದ್ದಾಳೆ.
ಒಳಕೋಣೆಯಲ್ಲಿ ಬೋಪಣ್ಣಜ್ಜ ಹಾಸಿಗೆ ಹಿಡಿದು ಏಳು ತಿಂಗಳು;
ನನ್ನಜ್ಜನಿಗೆ ಆ ಎರಡನ್ನು ಹಾರಿಸಿದವರು ಅವರೇ.
ಕೈತೋಟದಲ್ಲಿ ನಿಂತು ಎಣಿಸಿದೆ.
ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ
ಒಂದು ಉಸಿರಿನಷ್ಟು ಜಾಗ,
ಆ ಜಾಗದಲ್ಲಿ ತೊಟ್ಟಿಲೋ ಚಟ್ಟವೋ
ವಾಕ್ಯಕ್ಕೇ ಇನ್ನೂ ಗೊತ್ತಿಲ್ಲ.
ಅಷ್ಟರಲ್ಲಿ ಬೆಟ್ಟ ಅದನ್ನೇ ತಿರುಗಿ ಹೇಳಿತು,
ಅರ್ಧ ದನಿಯಲ್ಲಿ.
ಅದು ಎರಡನೆಯದೋ, ಮೊದಲನೆಯದರ ಬಾಲವೋ?

ಟಾರ್ಚು ಹಿಡಿದು ಹೊರಟೆ.
ನಾನು ಪಾಠ ಮಾಡುವುದೂ ಅದನ್ನೇ ತಾನೆ: ಹೋಗಿ ನೋಡು.
ಜಿಗಣೆ, ಕೆಸರು, ಮುರಿದ ತಡಮೆ,
ಯಾರದೋ ನಾಯಿ ತೋಟದ ಕೊನೆವರೆಗೂ ಜೊತೆಗೆ ಬಂತು.

ಅಂಗಳದಲ್ಲಿ ಅಳುವಿಲ್ಲ, ಬಿಸಿನೀರಿನ ಓಡಾಟವೂ ಇಲ್ಲ.
ಉತ್ತಯ್ಯ ಕೋವಿಯನ್ನು ಗೋಡೆಗೆ ಒರಗಿಸಿ
"ಆನೆ" ಅಂದ. "ಬಾಳೆಗೆ ಬಂದಿತ್ತು.
ಬಂದದ್ದು ಬಂದಿರಿ, ಕಾಫಿ ಕುಡೀರಿ."
ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು
ಟೀವಿ ನೋಡುತ್ತಿದ್ದಳು.

ಕಾಫಿಗೆ ಬೆಲ್ಲ ಹೆಚ್ಚಾಗಿತ್ತು.
ಒಳಗಿನಿಂದ ದನಿ, ಸವೆದ ಹಗ್ಗದ ಹಾಗೆ:
"ಉತ್ತಯ್ಯಾ, ಒಂದಾ ಎರಡಾ?"
"ಒಂದೇ ಅಪ್ಪಾ."
ಸ್ವಲ್ಪ ಹೊತ್ತು ಏನಿಲ್ಲ. ಮಂಚ ಕಿರುಗುಟ್ಟಿತು.
"ಹಾಗಾದರೆ ನನಗಲ್ಲ?"
"ಅಲ್ಲ ಅಪ್ಪಾ, ಆನೆ. ಮಲಗಿ."
"ಸರಿಯಾಗಿ ನೋಡಿದೆಯಾ?"