ಮಹಜರು

ಬೆಳಿಗ್ಗೆ ಹತ್ತೂಕಾಲಿಗೆ, ಕೊತ್ತನೂರು ದಿಣ್ಣೆಯ ಹಿಂಬದಿ,
ಕಲ್ಲು ಕ್ವಾರಿಯ ತಳದಲ್ಲಿ, ಪಂಚರ ಸಮಕ್ಷಮ...
ಹೀಗೇ ಶುರುವಾಗಬೇಕು. ಇಪ್ಪತ್ತಾರು ವರ್ಷದಿಂದ ಹೀಗೇ ಬರೆದಿದ್ದೇನೆ:
ಕದ್ದ ಬೈಕು, ಕಿತ್ತ ಸರ, ಸುಟ್ಟ ಗೋಡೌನು,
ರಾಜಕಾಲುವೆಯಲ್ಲಿ ಸಿಕ್ಕ ಎಡಗಾಲಿನ ಚಪ್ಪಲಿ.

ಬಿಲ್ಡರನ ಪಂಪು ಹತ್ತೊಂಬತ್ತು ದಿನ ನೀರು ಕಕ್ಕಿತು.
ಇಪ್ಪತ್ತನೆಯ ದಿನ ಬಂಡೆಯ ಪಕ್ಕೆಯಲ್ಲಿ ಒಂದು ಬಾಯಿ,
ಮಂಡಿಯೂರಿದರೆ ಒಳಹೋಗುವಷ್ಟು.
ಒಳಗೆ ತೇಗದ ಪೆಟ್ಟಿಗೆ, ಹನ್ನೊಂದು.
ಮೊಳೆಗಳು ತುಕ್ಕಾಗಿ ಉದುರಿದ್ದವು; ಮರ
ನೆನೆದ ಅವಲಕ್ಕಿಯ ಹಾಗೆ ಮೆತ್ತಗೆ, ಆದರೂ ಬಿಟ್ಟುಕೊಟ್ಟಿರಲಿಲ್ಲ.
ಇನ್ಸ್‌ಪೆಕ್ಟರು ಟಾರ್ಚು ಹಿಡಿದರು.
ಒಳಗೆ ಯಾರೋ ನಗುತ್ತಿದ್ದರು,
ಹನ್ನೊಂದು ಜನ, ಕಣ್ಣು ಮುಚ್ಚಿಕೊಂಡು.

ಪಂಚ ಒಂದು: ಮುನವ್ವರ್, ಟೀ ಅಂಗಡಿ, ವಯಸ್ಸು ನಲವತ್ತೊಂದು.
ಪಂಚ ಎರಡು: ಓಬಳಮ್ಮ. ಗಂಡನ ಹೆಸರು ಬೇಡ ಅಂದಳು.
ತಂದೆ ಗುಂಡಭೋವಿ, ಕಸುಬು ಕಲ್ಲು, ವಯಸ್ಸು ಎಂಬತ್ತರ ಆಚೀಚೆ,
ಕರೆಯದೆಯೇ ಬಂದವಳು.

"ಬರ್ಮಾದೋರು ಸ್ವಾಮಿ ಇವರು," ಅಂದಳು.
ಜಪಾನಿನವನು ಬಾಂಬು ಹಾಕುತ್ತಾನೆಂದು
ದಂಡಿನಲ್ಲಿ ಮೋಟಾರುಗಳ ಕಣ್ಣಿಗೆ ಕರಿ ಬಳಿದ ವರ್ಷ,
ರಂಗೂನಿನಿಂದ ಓಡಿಬಂದ ದೊರೆಯೊಬ್ಬ, ಕಾಲು ಕುಂಟುವವನು,
ಎರಡು ಎತ್ತಿನಗಾಡಿ, ಮೇಲೆ ಹುಲ್ಲು, ಹುಲ್ಲಿನ ಕೆಳಗೆ ದೇವರು.
ಯಾವ ಗುಡಿಯಿಂದ ಎತ್ತಿದನೋ, ಯಾರ ಅಳು ಹಿಂದೆ ಬಂತೋ.
ಅಪ್ಪನಿಗೆ ಕಾವಲು, ದಿನಕ್ಕೆ ಆರಾಣೆ.
ಎರಡು ತಿಂಗಳು ಬಂತು. ಆಮೇಲೆ ದೊರೆಯೂ ಇಲ್ಲ, ಆಣೆಯೂ ಇಲ್ಲ.
ನೀರು ತುಂಬಿದ ಮೇಲೂ ದಂಡೆಯಲ್ಲಿ ಕೂತಿರುತ್ತಿದ್ದ,
ಅಮಾವಾಸ್ಯೆಗೊಂದು ಬೆಲ್ಲದ ಚೂರಿಟ್ಟು.
ಸಾಕು ಅಂತ ಯಾರೂ ಹೇಳಲಿಲ್ಲವಲ್ಲ.

ನಾನು ಬರೆದೆ: ಕಂಚು, ಚಿನ್ನದ ಲೇಪ, ಎತ್ತರ ಒಂದೂಕಾಲು ಅಡಿ.
ಐದನೆಯದರ ಹೊಟ್ಟೆಯ ಮೇಲೆ ಚಾಕು ಕೆರೆದ ಗೆರೆ,
ಚಿನ್ನ ಎಷ್ಟು ದಪ್ಪವೆಂದು ಯಾರೋ ನೋಡಿದ್ದು.
ಏಳನೆಯದರ ಬೆರಳು ನೆಲ ಮುಟ್ಟುತ್ತಿತ್ತು,
ಸಾಕ್ಷಿಗೆ ನೆಲವನ್ನೇ ಕರೆದ ಹಾಗೆ.
ಮುಖ ನೋಡದೆ ಅಳತೆ ತೆಗೆದುಕೊಂಡೆ.

"ಇನ್ನೊಂದಿದೆ ಸಾರ್!"
ಪೆಟ್ಟಿಗೆಯಿಲ್ಲದ್ದು, ಮೂಲೆಯಲ್ಲಿ, ಕಲ್ಲಿನದು,
ಉಳಿಯ ಹಲ್ಲು ಇನ್ನೂ ಮೈಮೇಲೆ.
ಪದ್ಮಾಸನ ಬರಲಿಲ್ಲವೋ, ಬೇಡವೆನಿಸಿತೋ,
ಕುಕ್ಕರಗಾಲಲ್ಲಿ ಕೂರಿಸಿದ್ದ ಗುಂಡಭೋವಿ,
ಮಧ್ಯಾಹ್ನದ ಮುದ್ದೆಗೆ ಕಾಯುವ ಕೂಲಿಯ ಹಾಗೆ.
ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ತೆರೆದಿತ್ತು.
ಕಾವಲಲ್ಲವೇ.

ಓಬಳಮ್ಮ ಸೆರಗಿನಿಂದ ಅದರ ಮುಖ ಒರೆಸಿದಳು.
ಮುಟ್ಟಬಾರದು ಅನ್ನಬೇಕಿತ್ತು ನಾನು. ಅನ್ನಲಿಲ್ಲ.

'ವಾರಸುದಾರರು' ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
ಹನ್ನೊಂದಕ್ಕೆ ಒಂದು ದೇಶವಿದೆ; ಕಾಗದ ದೆಹಲಿಗೆ ಹೋಗುತ್ತದೆ,
ಅಲ್ಲಿಂದ ಸಮುದ್ರದಾಚೆ,
ಯಾವುದೋ ಖಾಲಿ ಗೂಡು ಇನ್ನೂ ಖಾಲಿಯಾಗಿದ್ದರೆ.
ಹನ್ನೆರಡನೆಯದು? ಕದ್ದದ್ದಲ್ಲ, ಕಳೆದದ್ದಲ್ಲ,
ದೂರು ಕೊಟ್ಟವರಿಲ್ಲ.
"ಕಲ್ಲು ಅಂತ ಬರ್ಕೊಳ್ರೀ, ಬೆಲೆ ಸೊನ್ನೆ."
ಇನ್ಸ್‌ಪೆಕ್ಟರಿಗೆ ಊಟದ ಹೊತ್ತಾಗಿತ್ತು.
"ಬೆಲೆ ಇಲ್ಲಾಂದ್ರೆ ಮನೇಗ್ ಒಯ್ಲಾ?"
"ಕೇಸ್ ಮುಗೀಲಮ್ಮ."
ಹೆಬ್ಬೆಟ್ಟು ಒತ್ತಿಸಿಕೊಂಡೆ. ಗೆರೆ ಮೂಡಲಿಲ್ಲ.
ಕಲ್ಲು ಅದನ್ನೂ ತಿಂದಿತ್ತು; ಬರೀ ನೀಲಿ ಮಚ್ಚೆ.

ಈಗ ಠಾಣೆಯ ಮುದ್ದೆಮಾಲು ಕೊಠಡಿಯಲ್ಲಿ
ಗಾಂಜಾ ಮೂಟೆ, ಸೈಲೆನ್ಸರು, ಚೀಟಿ ಕಟ್ಟಿದ ಮಚ್ಚುಗಳ ನಡುವೆ
ಹನ್ನೊಂದು ನಗು, ಒಂದು ತೆರೆದ ಕಣ್ಣು.
ಅಮಾವಾಸ್ಯೆಗೆ ಎರಡು ಬಸ್ಸು ಬದಲಿಸಿ ಓಬಳಮ್ಮ ಬರುತ್ತಾಳೆ.
ಪುಸ್ತಕದಲ್ಲಿ 'ಸಂಬಂಧ' ಎಂದಿರುವಲ್ಲಿ
'ಕೆಲಸ' ಅಂತ ಬರಿ ಅನ್ನುತ್ತಾಳೆ.
ಬೀಗ ತೆಗೆದು ನಾನು ಹೊರಗೆ ನಿಲ್ಲುತ್ತೇನೆ.

ಬೆಳಗಾದರೆ ಇರುವೆಯ ಸಾಲು
ಅರಗಿನ ಮೊಹರು ಬಿದ್ದ ಬಾಗಿಲ ಅಡಿಯಿಂದ
ಬೆಲ್ಲ ಸಾಗಿಸುತ್ತಿರುತ್ತದೆ,
ಒಂದೊಂದೇ ಕಾಳು,
ಯಾರ ಸಹಿಯೂ ಇಲ್ಲದೆ.