ಎರವಲು ಬೇಸ್

ನನ್ನ ಡಬಲ್ ಬೇಸನ್ನು ಹುಬ್ಬಳ್ಳಿಯಲ್ಲಿ ರೈಲು ಹತ್ತಿಸಗೊಡಲಿಲ್ಲ.
"ಹೆಣದಷ್ಟು ಉದ್ದ ಐತಲ್ರೀ."
ಹಾಗಾಗಿ ಬೆಂದೂರಿಗೆ,
ಸೆವ್ರಿನ್ ಬಾಯಿಯ ಮನೆಗೆ ಸಾಲಕ್ಕೆ ಹೋದೆ.

ಹೂವಿನ ಚಾದರ ಹೊದ್ದು
ಗೋಡೆಗೆ ಮುಖ ಮಾಡಿ ನಿಂತಿತ್ತು ಅವರದು.
"ಗ್ರೇಶಿಯನ್ ಹೋದ ಮೇಲೆ ಯಾರೂ ಮುಟ್ಟಿಲ್ಲ.
ಮೂರನೇ ತಂತಿಯಲ್ಲಿ ಸ್ವಲ್ಪ ಕೆಮ್ಮುಂಟು ಅದಕ್ಕೆ,
ಬೈಬೇಡಿ ಆಯ್ತಾ."

ಗೂಡ್ಸ್ ರಿಕ್ಷಾದಲ್ಲಿ, ಖಾಲಿ ಮೀನಿನ ಕ್ರೇಟುಗಳ ನಡುವೆ
ಮಲಗಿಸಿ ತಂದೆ. ಕಂಕನಾಡಿಯ ಪ್ರತಿ ಹೊಂಡಕ್ಕೂ
ಹೊಟ್ಟೆಯೊಳಗಿಂದ ಹೂಂ ಅಂದಿತು.

ಕತ್ತಿನ ಮೇಲೆ ಪೆನ್ಸಿಲ್ ಗೀಟುಗಳು,
ನನ್ನ ಬೆರಳು ನಿಲ್ಲುವಲ್ಲಿಗಿಂತ ಕೂದಲೆಳೆ ಕೆಳಗೆ.
ಹಿಂದೆ, ಹೆಬ್ಬೆರಳಿಗೊಂದು ಸವೆದ ಗುಳಿ:
ಬೇರೆಯವರ ಚಪ್ಪಲಿಗೆ ಕಾಲಿಟ್ಟ ಹಾಗೆ.

ಸಭಾಂಗಣದ ಸೆಕೆಗೆ ತಂತಿ ಇಳಿಯುತ್ತಲೇ ಇತ್ತು.
ನಾನು ಏರಿಸಿದೆ, ಅದು ಇಳಿಯಿತು,
ಪಿಯಾನೋದವ ಸೋತು ನಕ್ಕ.
ನಿಧಾನದ ಹಾಡಿನ ನಡುವೆ, ಬಾಯಿ ಹೇಳಿದ ಜಾಗದಲ್ಲೇ
ಕೆಮ್ಮಿತು.
ಬೈಯಲಿಲ್ಲ. ಬಿಲ್ಲು ಎತ್ತಿ
ಮುಗಿಯಲಿ ಅಂತ ಕಾದೆ.

ಬೆಳಿಗ್ಗೆ ಬಾಗಿಲಲ್ಲೇ ಕೇಳಿದರು:
"ಕೆಮ್ಮಿತಾ?"
"ಒಂದು ಸಲ."
"ಒಂದೇ?"
ಚಾದರದ ತುದಿ ಎಳೆದೆಳೆದು ಸರಿಮಾಡುತ್ತ ನಿಂತರು,
ನನ್ನನ್ನು ಕೂರಲು ಹೇಳದೆ.