ಏಳುನೂರ ನಲವತ್ತು

ಎಂಟುನೂರು ಮಿಲಿಮೀಟರಿನ ಹ್ಯಾಂಡಲ್‌ಬಾರು
ನನ್ನ ಅಂಗಡಿಯ ಬಾಗಿಲಲ್ಲೇ ತಡೆಯಿತು.
ಓರೆ ಮಾಡಿ ಒಳಗೆ ತಂದಳು ತಾಂಗ್ವೆನ್,
ಹಟಮಾರಿ ಟಗರನ್ನು ಕೊಂಬು ಹಿಡಿದು ತಂದ ಹಾಗೆ.
ವಯಸ್ಸು ಹದಿನಾಲ್ಕು. ಬೈಕು ಅಣ್ಣ ಇಯೆಸ್ಟಿನ್‌ನದು.
ಅವನು ಕಾಲು ಮುರಿದುಕೊಂಡ ಮೇಲೆ
ಕೆರೆಯ ದಡದಲ್ಲಿ ಗಾಳ ಹಿಡಿದು ಕೂತ,
ಬೈಕು ಇವಳಿಗೆ ಬಂತು.
"ಕೊಯ್ದುಕೊಡಿ."
"ಎಷ್ಟಕ್ಕೆ?"
"ಏಳುನೂರ ನಲವತ್ತು."
"ಯಾರು ಹೇಳಿದ್ದು?"
"ಎಲ್ಲರೂ."

ಎಲ್ಲರೂ!
ನನಗೆ ಇವಳ ವಯಸ್ಸಾಗಿದ್ದಾಗ
ಎಲ್ಲರೂ ಹೇಳುತ್ತಿದ್ದದ್ದು ಐನೂರ ಅರವತ್ತು.
ಮೊಣಕೈ ಪಕ್ಕೆಗೆ ಒತ್ತಿಕೊಂಡು,
ತಡವಾಗಿ ಚಾಪೆಲಿಗೆ ಬಂದವರು
ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಸಾಲಿನೊಳಗೆ ನುಸುಳುವಂತೆ
ಬೆಟ್ಟ ಇಳಿಯುತ್ತಿದ್ದೆವು.
ಆಮೇಲೆ ವರ್ಷಕ್ಕೊಂದು ಬೆರಳಗಲ ಬೆಳೆಯಿತು ಫ್ಯಾಷನ್ನು.
ತೋಳು ಮಾತ್ರ ಇದ್ದಷ್ಟೇ ಇತ್ತು.

ಬ್ಲೈನೈ ಊರಿನಲ್ಲಿ ಎಲ್ಲದಕ್ಕೂ ಒಂದೇ ಬಣ್ಣ:
ಬೆಟ್ಟ, ಸೂರು, ಆಕಾಶ, ನನ್ನ ಅಂಗಡಿಯ ನೆಲ.
ಸ್ಲೇಟು ಕಲ್ಲು. ಮಕ್ಕಳು ಅಕ್ಷರ ತಿದ್ದುತ್ತಿದ್ದರಲ್ಲ, ಅದೇ.
ತಾತ ಅದನ್ನು ಸೀಳುತ್ತಿದ್ದ.
ಸೂರಿನ ಹಲಗೆಗಳಿಗೆ ಅಳತೆಗೊಂದು ಹೆಸರು,
ಡಚೆಸ್, ಕೌಂಟೆಸ್, ಲೇಡಿ.
ಡಚೆಸ್‌ನ ಅಂಚು ಒಡೆದರೆ ಕೌಂಟೆಸ್ ಆದಾಳು, ಅನ್ನುತ್ತಿದ್ದ,
ಲೇಡಿಗೆ ಪಟ್ಟ ಕಟ್ಟಿ ಡಚೆಸ್ ಮಾಡುವುದು
ಮೇಲಿರುವವನಿಂದಲೂ ಆಗದು.

ಗರಗಸ ಗೂಟದಲ್ಲೇ ಇರಲಿ ಅಂದೆ.
"ನೆಲಕ್ಕೆ ಬಾ. ಕಣ್ಣು ಮುಚ್ಚು.
ದಂಡ ಹೊಡೆಯುವ ಹಾಗೆ ಅಂಗೈ ಊರು,
ಕೈ ತಾನಾಗಿ ಎಲ್ಲಿ ನಿಲ್ಲುತ್ತದೋ ನಿಲ್ಲಲಿ."
ಮೂರು ದಂಡ. ನಾಲ್ಕನೆಯದಕ್ಕೆ ಮೂಗು ನೆಲಕ್ಕೆ.
ಬಳಪ ಸಿಗದೆ
ಅಂಗೈಗಳ ಹೊರ ಅಂಚಿಗೆ ಮೊಳೆಯಿಂದ ಗೀರಿದೆ.
ಟೇಪು ಹಿಡಿದರೆ ಆರುನೂರ ತೊಂಬತ್ತು.
"ಅದು ಚಿಕ್ಕ ಮಕ್ಕಳ ಅಳತೆ."
"ಅದು ನಿನ್ನ ಅಳತೆ."
"ನಾನು ಬೆಳೀತೀನಿ."

ಅದಕ್ಕೆ ನನ್ನ ಟೇಪಿನಲ್ಲಿ ಗುರುತಿಲ್ಲ.

ಕೊಯ್ಯಲಿಲ್ಲ. ಹಿಡಿ ಸಡಿಲಿಸಿ ಒಳಗೆ ಸರಿಸಿದೆ, ಬ್ರೇಕನ್ನೂ.
ಎರಡೂ ಬದಿಗೆ ಬರಿಯ ಕೊಳವೆ ಚಾಚಿಕೊಂಡಿತು
ಬಸವನಹುಳುವಿನ ಕೊಂಬಿನಂತೆ.
ತುದಿಗೆ ಬಿರಡೆ ಒತ್ತಿದೆ.
"ಇಪ್ಪತ್ತರಲ್ಲಿ ಎರಡು ದಿನ ಓಡಿಸು, ನಲವತ್ತರಲ್ಲಿ ಎರಡು ದಿನ.
ಭುಜ ಏನನ್ನುತ್ತೆ ಕೇಳು. ಎಲ್ಲರೂ ಅನ್ನೋದು ಆಮೇಲೆ."

ಕೆಳಗಿನ ತಿರುವಿನಲ್ಲಿ ಎರಡು ಲಾರ್ಚ್ ಮರ.
ನಡುವಿನ ಜಾಗ ಎಷ್ಟೆಂದು ಯಾರೂ ಅಳೆದಿಲ್ಲ;
ಹಾದವರಿಗೆ ಗೊತ್ತು,
ತಗುಲಿದವರಿಗೆ ಇನ್ನೂ ಚೆನ್ನಾಗಿ ಗೊತ್ತು.
ವಾರದ ಮೇಲೆ ಬಂದಳು, ಗದ್ದದ ಮೇಲೊಂದು ಹೆಕ್ಕಳೆ,
ಬಲದ ಬಿರಡೆಯಲ್ಲಿ ಮರದ ತೊಗಟೆ.
"ಹಾಗಾದರೆ ಇಪ್ಪತ್ತು?"
"ನಲವತ್ತೇ. ಇಪ್ಪತ್ತಕ್ಕೆ ಮರ ಸಿಗಲ್ಲ,
ಆದರೆ ಕಲ್ಲಿನ ಮೇಲೆ ಚಕ್ರ ನನ್ನ ಮಾತು ಕೇಳಲ್ಲ."
"ಮರಕ್ಕೇನು ಮಾಡ್ತೀಯ?"
"ವಾಲಿಸೋದು ಕಲಿತೆ."

ಅಳೆದು ಸುರಿದದ್ದು ಸಾಕಾಯಿತು.
ಈ ಕಡೆ ಮೂವತ್ತು, ಆ ಕಡೆ ಮೂವತ್ತು.
ಬೆಚ್ಚಗೆ ಬಿದ್ದವು ಎರಡು ತುಂಡು.
ಒಂದನ್ನು ಹೆಬ್ಬೆರಳಿಗೆ ತೊಟ್ಟು ಬಾಗಿಲು ದಾಟಿದಳು,
ಇನ್ನೊಂದು ನನ್ನ ಬಿಸ್ಕತ್ತಿನ ಡಬ್ಬಿಗೆ ಬಿತ್ತು.
ಅದರಲ್ಲಿ ಮುನ್ನೂರಾದರೂ ಇದ್ದಾವು,
ಊರು ಬೇಡವೆಂದು ಬಿಟ್ಟುಹೋದ ಅಗಲ.
ನನ್ನವೂ ಎರಡಿವೆ,
ತಾತನ ಮಾತು ಮರೆತ ದಿನ ಹೆಚ್ಚಾಗಿ ಕೊಯ್ದದ್ದು.

ಮೂರು ಚಳಿಗಾಲ ಕಳೆದವು.
ಹೋದ ಮಂಗಳವಾರ ಬಾಗಿಲಲ್ಲಿ ನಿಂತು,
ನಮಸ್ಕಾರವಿಲ್ಲ, ಏನಿಲ್ಲ,
"ಇಕ್ಕಟ್ಟು," ಅಂದಳು.
ನಾನು ಬಾಯಿ ತೆರೆಯುವ ಮೊದಲೇ
ಚಾಪೆ ಸರಿಸಿ ನೆಲಕ್ಕೆ ಇಳಿದಳು.
ಹನ್ನೆರಡು ದಂಡ. ಮೂಗು ಮುಟ್ಟಲಿಲ್ಲ.
ಬಳಪದ ಗೆರೆಯಾಗಿದ್ದರೆ ಎಂದೋ ಅಳಿಸಿಹೋಗುತ್ತಿತ್ತು,
ಮೊಳೆಯ ಗೀರು ಹಾಗೇ ಇತ್ತು.
ಅಂಗೈ ಎರಡೂ ಅದರ ಆಚೆಗೆ.

"ಏಳಬೇಡ, ಹಾಗೇ ಇರು," ಅಂದು
ಮೊಳೆ ಹುಡುಕತೊಡಗಿದೆ.